ವಿದೇಶಾಂಗ ನೀತಿ ತರಬೇತಿಗೆ ಆಯ್ಕೆಯಾಗಿದ್ದೇನೆ, ಹೋಗಿ ಬಂದವರು ಹೇಳಿ

ಕೇಳಿದವರು: ಹಾಸನದ ಬಿಎ ವಿದ್ಯಾರ್ಥಿನಿ

ಸರ್ಕಾರಿ ಕಾಲೇಜು, ಎರಡನೇ ವರ್ಷ, ರಾಜ್ಯಶಾಸ್ತ್ರ ಮತ್ತು ಇತಿಹಾಸ. ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿ ಇದೆ. ವಿಷಯ ಭಾರತದ ವಿದೇಶಾಂಗ ನೀತಿ ಮತ್ತು ವ್ಯೂಹಾತ್ಮಕ ಸ್ವಾಯತ್ತತೆ, ಅಂದರೆ ಬೇರೆ ದೇಶದ ಒತ್ತಡಕ್ಕೆ ಬಗ್ಗದೆ ನಮ್ಮ ನಿರ್ಧಾರ ನಾವೇ ಮಾಡುವುದು. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡಲು ತಡವರಿಸುತ್ತೇನೆ. ಬಾಯಿ ಮುಚ್ಚಿ ಕೂತು ಬರುವುದಾದರೆ ಹೋಗುವುದೇಕೆ ಅನ್ನಿಸುತ್ತಿದೆ. ಅಲ್ಲಿ ಏನು ಮಾಡಿಸುತ್ತಾರೆ? ಏನು ಓದಿಕೊಂಡು ಹೋಗಲಿ?

ಧಾರವಾಡದಿಂದ, ಎಂಎ ವಿದ್ಯಾರ್ಥಿ

ತಂಗಿ, ಖಂಡಿತ ಹೋಗು. ನಾನು ಹಾವೇರಿ ಕಡೆಯ ಹಳ್ಳಿಯವನು, ಇಂಥದ್ದೇ ತರಬೇತಿಗೆ ಹೊರಟಾಗ ನನಗೂ ಇದೇ ಅಳುಕಿತ್ತು. ಮೊದಲೆರಡು ದಿನ ಉಪನ್ಯಾಸ. ಬಾಂಡುಂಗ್‌ನಲ್ಲಿ 1955ರ ಏಷ್ಯಾ–ಆಫ್ರಿಕಾ ಸಮ್ಮೇಳನ, ಬೆಲ್‌ಗ್ರೇಡ್‌ನಲ್ಲಿ 1961ರ ಅಲಿಪ್ತ ದೇಶಗಳ ಮೊದಲ ಶೃಂಗಸಭೆ, ಯಾವ ಬಣಕ್ಕೂ ಸೇರದ ಅಲಿಪ್ತ ನೀತಿ, ಎಲ್ಲ ನಿನ್ನ ಪಠ್ಯದಲ್ಲೇ ಇರುವಂಥದ್ದು. ಮೂರನೇ ದಿನ ಮಾಡಿಸಿದ್ದನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಐದೈದು ಜನರ ಗುಂಪು ಮಾಡಿ, "ಇವತ್ತು 2022ರ ಮಾರ್ಚ್ 2. ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತಕ್ಕೆ ಬರುತ್ತಿದೆ. ಭಾರತ ಏನು ಮಾಡಬೇಕು? ಒಂದೇ ಪುಟದಲ್ಲಿ ಕಾರಣ ಬರೆಯಿರಿ" ಅಂದರು. ನಡೆದದ್ದು ಎಲ್ಲರಿಗೂ ಗೊತ್ತು: 141 ದೇಶ ಪರ, 5 ವಿರುದ್ಧ, 35 ತಟಸ್ಥ, ಆ 35ರಲ್ಲಿ ಭಾರತವೂ ಒಂದು. ಉತ್ತರ ಗೊತ್ತಿದ್ದರೂ ಕಾರಣ ಬರೆಯಲು ಕೂತಾಗ ಪೆನ್ನು ಮುಂದೆ ಹೋಗಲಿಲ್ಲ. ರಷ್ಯಾದ ಟ್ಯಾಂಕು, ವಿಮಾನಗಳ ಬಿಡಿಭಾಗ, ಎಸ್-400 ವಾಯುರಕ್ಷಣಾ ಕ್ಷಿಪಣಿ ಒಪ್ಪಂದ, ಗಡಿಯಲ್ಲಿ ಚೀನಾ, ಇತ್ತ ಕ್ವಾಡ್ ಎಂಬ ನಾಲ್ಕು ದೇಶಗಳ ಕೂಟದಲ್ಲಿ ನಮ್ಮ ಜೊತೆಗಿರುವ ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಹೀಗೆ ಹೇಗೋ ಪುಟ ತುಂಬಿಸಿದೆವು. ಮಾರ್ಗದರ್ಶಕರು ಓದಿ ಒಂದೇ ಮಾತು ಕೇಳಿದರು: "ಆವತ್ತು ನಮ್ಮ ಮಕ್ಕಳು ಎಲ್ಲಿದ್ದರು?"

ನನಗೆ ಬಾಯಿ ಕಟ್ಟಿದಂತಾಯಿತು. ಆ ಮತದಾನದ ಹಿಂದಿನ ದಿನವೇ ನಮ್ಮ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾಗಿದ್ದ. ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಅತ್ತಿದ್ದೆವು. ಅಂಥ ನಾನೇ ಆ ಪುಟದಲ್ಲಿ ವಿದ್ಯಾರ್ಥಿಗಳ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ಆಮೇಲೆ ಭಾರತದ ನಿಜವಾದ ಹೇಳಿಕೆಯನ್ನು ತೆಗೆದು ಓದಿಸಿದರು. ಹಾರ್ಕಿವ್ ಮತ್ತಿತರ ಕಡೆ ಸಿಕ್ಕಿಕೊಂಡ ನಮ್ಮವರಿಗೆ ಸುರಕ್ಷಿತ ದಾರಿ ಬಿಡಬೇಕೆಂಬ ಒತ್ತಾಯ ಅದರಲ್ಲಿದೆ. ಅವರು ಮನೆ ಸೇರಬೇಕಾದರೆ ಮಾಸ್ಕೋ ಜೊತೆಗೂ ಮಾತು ಬೇಕಿತ್ತು, ಕೀವ್ ಜೊತೆಗೂ ಬೇಕಿತ್ತು.

ನಮ್ಮ ಗುಂಪಿನ ಹುಡುಗಿಯೊಬ್ಬಳು ಮಾತ್ರ, ದಾಳಿಗೊಳಗಾದ ದೇಶದ ಪರ ನಿಲ್ಲದ್ದು ತಪ್ಪು ಅಂತ ಕೊನೆವರೆಗೂ ವಾದಿಸಿ ಬೇರೆ ಪುಟ ಬರೆದಳು. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಒಳ್ಳೆಯ ಪುಟ. ಸರ್ಕಾರದ ನಿಲುವನ್ನು ಒಪ್ಪಲೇಬೇಕು ಅಂದುಕೊಂಡು ಹೋಗಬೇಡ.

ತುಮಕೂರಿನಿಂದ, ಉಪನ್ಯಾಸಕಿ

ನಾನು ಪ್ರತಿ ವರ್ಷ ಇಬ್ಬರು ಮೂವರನ್ನು ಇಂಥ ತರಬೇತಿಗಳಿಗೆ ಕಳಿಸುತ್ತೇನೆ. ಹೋಗುವವರಿಗೆಲ್ಲ ಹೇಳುವುದು ಇಷ್ಟೇ, ಒಂದು ಪ್ರಕರಣವನ್ನು ಬುಡದಿಂದ ತಿಳಿದುಕೊಂಡು ಹೋಗಿ. ಬೆಂಗಳೂರಿಗೇ ಹೋಗುತ್ತಿದ್ದೀರಲ್ಲ, ಇಸ್ರೊದ ಕ್ರಯೋಜೆನಿಕ್ ಎಂಜಿನ್ (ಅತಿ ಶೀತಲ ದ್ರವ ಇಂಧನದಿಂದ ನಡೆಯುವ ರಾಕೆಟ್ ಎಂಜಿನ್) ಕಥೆ ತೆಗೆದುಕೊಳ್ಳಿ. 1991ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ಎಂಜಿನ್ ಮತ್ತು ಅದರ ತಂತ್ರಜ್ಞಾನಕ್ಕಾಗಿ ಒಪ್ಪಂದವಾಯಿತು. ಇದರಿಂದ ಕ್ಷಿಪಣಿ ತಂತ್ರಜ್ಞಾನ ಹರಡುತ್ತದೆಂದು ಅಮೆರಿಕ 1992ರಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹಾಕಿತು. ಮರುವರ್ಷ ರಷ್ಯಾ ಹಿಂದೆ ಸರಿದು, ತಂತ್ರಜ್ಞಾನ ಕೊಡುವುದಿಲ್ಲ, ಎಂಜಿನ್ ಮಾತ್ರ ಕೊಡುತ್ತೇವೆ ಅಂದಿತು. ನಾವೇ ಮಾಡಿದ ಕ್ರಯೋಜೆನಿಕ್ ಎಂಜಿನ್ 2010ರಲ್ಲಿ ಮೊದಲ ಹಾರಾಟದಲ್ಲಿ ಸೋತಿತು, 2014ರ ಜನವರಿ 5ರಂದು ಗೆದ್ದಿತು. ಸ್ವಾಯತ್ತತೆಗೆ ಎಷ್ಟು ವರ್ಷ ಹಿಡಿಯುತ್ತದೆ ಅನ್ನುವುದು ಈ ಲೆಕ್ಕದಲ್ಲೇ ಇದೆ.

ಅದರ ಪಕ್ಕದಲ್ಲೇ ತೇಜಸ್ ಯುದ್ಧವಿಮಾನವನ್ನೂ ಇಟ್ಟು ನೋಡಿ. ಅದನ್ನು ತಯಾರಿಸುವ ಎಚ್‌ಎಎಲ್ 2021ರಲ್ಲಿ 99 ಎಂಜಿನ್‌ಗಳಿಗೆ ಅಮೆರಿಕದ ಜಿಇ ಕಂಪನಿಗೆ ಬೇಡಿಕೆ ಕೊಟ್ಟಿತು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ವಿಮಾನ ನಮ್ಮದು, ಅದರ ಹೃದಯ ಇನ್ನೊಬ್ಬರದು. ಇದನ್ನು ಹೇಳಲು ದೊಡ್ಡ ಇಂಗ್ಲಿಷ್ ಬೇಕಿಲ್ಲ ಮಗು, ವಿಷಯ ಕೈಯಲ್ಲಿದ್ದರೆ ಸಾಕು.

ಮಂಗಳೂರಿನಿಂದ

ನನ್ನ ಅನುಭವ ಅಷ್ಟು ಒಳ್ಳೆಯದಲ್ಲ. ನಾನು ಹೋದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಭಾಷಣ, ಪ್ರಶ್ನೆಗೆ ಐದು ನಿಮಿಷ, ಕೊನೆಯ ದಿನ ಪ್ರಮಾಣಪತ್ರ ಮತ್ತು ಫೋಟೊ. ಅಪ್ಪ ಸಾಲ ಮಾಡಿ ಕೊಟ್ಟ ದುಡ್ಡು ಅದು, ನೆನೆದರೆ ಈಗಲೂ ಸಂಕಟವಾಗುತ್ತದೆ. ಶುಲ್ಕ ಕಟ್ಟುವ ಮೊದಲು ವೇಳಾಪಟ್ಟಿ ತರಿಸಿಕೊಳ್ಳಿ. ಗುಂಪು ಚಟುವಟಿಕೆ, ಬರವಣಿಗೆ ಎಷ್ಟು ಗಂಟೆ ಇದೆ ಅಂತ ಕೇಳಿ. ಶುಲ್ಕದಲ್ಲಿ ರಿಯಾಯಿತಿ ಇದೆಯೇ ಅಂತಲೂ ನಾಚಿಕೆ ಬಿಟ್ಟು ಕೇಳಿ.

ಬೆಂಗಳೂರಿನಿಂದ, ಯುಪಿಎಸ್‌ಸಿಗೆ ಓದುತ್ತಿರುವವಳು

ಓದಲು ದಪ್ಪ ಪುಸ್ತಕ ಬೇಡ. 1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದದ ಮೂಲ ಪಠ್ಯ ಓದಿ, ಬರೀ 12 ವಿಧಿಗಳು. ನಾಲ್ಕನೇ ವಿಧಿಯಲ್ಲಿ, ಭಾರತದ ಅಲಿಪ್ತ ನೀತಿಯನ್ನು ಗೌರವಿಸುತ್ತೇವೆ ಎಂದು ಸೋವಿಯತ್ ಒಕ್ಕೂಟ ಬರೆದುಕೊಟ್ಟಿದೆ. ಒಂಬತ್ತನೆಯದರಲ್ಲಿ, ಒಬ್ಬರ ಮೇಲೆ ದಾಳಿ ಅಥವಾ ಅದರ ಬೆದರಿಕೆ ಬಂದರೆ ಇಬ್ಬರೂ ತಕ್ಷಣ ಸಮಾಲೋಚಿಸಬೇಕು ಎಂದಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿ, ಅಂದಿನ ಭಾರತ ಅಲಿಪ್ತವಾಗಿತ್ತೇ? ನಾನು ಇನ್ನೂ ಒಂದು ಉತ್ತರಕ್ಕೆ ಬಂದಿಲ್ಲ. ಇದರ ಜೊತೆಗೆ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಸಂಸತ್ತಿನ ಪ್ರಶ್ನೋತ್ತರಗಳಿವೆ, ದಿನಕ್ಕೆ ಎರಡು ಓದಿದರೆ ಆ ಇಂಗ್ಲಿಷ್ ಬೇಗ ಪಳಗುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ವೇಳಾಪಟ್ಟಿ ತರಿಸಿದೆ, ನಾಲ್ಕು ಮಧ್ಯಾಹ್ನ ಗುಂಪು ಚಟುವಟಿಕೆ ಇದೆ. ಹೋಗುತ್ತೇನೆ. ಧಾರವಾಡದ ಅಣ್ಣಾ, ಟಿಪ್ಪಣಿ ಕನ್ನಡದಲ್ಲಿ ಬರೆದುಕೊಂಡರೆ ತೊಂದರೆಯಾಗುತ್ತದಾ?

ಧಾರವಾಡದಿಂದ

ಕನ್ನಡದಲ್ಲೇ ಬರೆದುಕೋ. ನಾನು ಆ ಪುಟವನ್ನು ಮೊದಲು ಕನ್ನಡದಲ್ಲಿ ಬರೆದೇ ಇಂಗ್ಲಿಷಿಗೆ ತಂದದ್ದು. ಆಗಲೇ ತಿಳಿದದ್ದು, ಅಲಿಪ್ತ, ತಟಸ್ಥ, ಗೈರು ಮೂರೂ ಬೇರೆ ಬೇರೆ ಅಂತ. ಅಲಿಪ್ತ ಎಂದರೆ ಯಾವ ಬಣಕ್ಕೂ ಸೇರದ ನೀತಿ. ತಟಸ್ಥ ಎಂದರೆ ಆ ಒಂದು ಮತಕ್ಕೆ ಹಾಜರಿದ್ದು, ಪರವೂ ಅಲ್ಲದೆ ವಿರುದ್ಧವೂ ಅಲ್ಲದೆ ನಿಲ್ಲುವುದು. ಭಾರತ ಆವತ್ತು ಹಾಗೆ ನಿಂತು ಕಾರಣವನ್ನೂ ಹೇಳಿತು. ಗೈರು ಎಂದರೆ ಸಭೆಗೇ ಬಾರದಿರುವುದು. ಅಲ್ಲಿ ಯಾರಾದರೂ ಇವನ್ನು ಕಲಸಿದರೆ, ಮೊದಲ ಮಾತು ನೀನೇ ಆಡು.