ಮಳೆಮಾಪಕದ ಪೈ ನಮ್ಮ ಸರ್ವರನ್ನೇ ನಂಬುತ್ತಿಲ್ಲ, ವೆರಿಫೈ ತೆಗೆದುಬಿಡಲಾ?

ತೋಟದವ, ಮೂಡಿಗೆರೆ:
ನಮ್ಮದು ಸಣ್ಣ ಕಾಫಿ ತೋಟ. ಕಣದ ಪಕ್ಕ ಪಂಪ್ ಶೆಡ್ಡಿನಲ್ಲಿ ಒಂದು ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಮಳೆಮಾಪಕದ ಬಟ್ಟಲು ಮಗುಚಿದಾಗಲೆಲ್ಲ ಎಣಿಸಿಕೊಂಡು, ಗಂಟೆಗೊಮ್ಮೆ ನನ್ನ ಬಾಡಿಗೆ ಸರ್ವರಿಗೆ ಕಳಿಸುತ್ತದೆ. ಪೈಥಾನ್ ಪ್ರೋಗ್ರಾಂ ಬೆಂಗಳೂರಿನಲ್ಲಿರುವ ಅಣ್ಣನ ಮಗ ಬರೆದುಕೊಟ್ಟದ್ದು. ಸರ್ವರಿಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್, ಅಂದರೆ ಗುರುತಿನ ಚೀಟಿ, ಇದೆ.

ನಾಲ್ಕು ದಿನದಿಂದ ಒಂದು ಲೆಕ್ಕವೂ ಹೋಗಿಲ್ಲ. ಲಾಗ್ ತುಂಬ "ಸರ್ಟಿಫಿಕೇಟ್ ವೆರಿಫೈ ಫೇಲ್ಡ್". ಫೋನಿನಲ್ಲಿ ಅದೇ ವಿಳಾಸ ತೆರೆದರೆ ನೆಟ್ಟಗೆ ಬರುತ್ತದೆ. ಹೆಸರಿನ ಬದಲು ಐಪಿ (ಅಂಕಿಯ ವಿಳಾಸ) ಹಾಕಿ ನೋಡಿದೆ, ಬೇರೆ ಥರದ ಎರರ್. ವಿಚಿತ್ರ ಅಂದರೆ ಏಪ್ರಿಲ್ ಕೊನೆಯ ವಾರದಲ್ಲೂ ಎರಡು ದಿನ ಹೀಗೇ ಆಗಿ, ನಾನು ಏನೂ ಮಾಡದೆ ತಾನೇ ಸರಿಹೋಗಿತ್ತು.

"ವೆರಿಫೈ ಫಾಲ್ಸ್ ಅಂತ ಹಾಕಿ ಆ ಚೀಟಿ ನೋಡೋದನ್ನೇ ನಿಲ್ಲಿಸಿಬಿಡಿ ಚಿಕ್ಕಪ್ಪ, ಎನ್‌ಕ್ರಿಪ್ಶನ್ ಹೇಗೂ ಇರುತ್ತೆ. ಮಳೆ ಲೆಕ್ಕ ಕದ್ದು ಯಾರು ಏನು ಮಾಡ್ತಾರೆ" ಅನ್ನುತ್ತಾನೆ ಹುಡುಗ. ಯಾಕೋ ಮನಸ್ಸು ಒಪ್ಪುತ್ತಿಲ್ಲ. ದಿನಾ ಬೆಳಿಗ್ಗೆ ಅಳತೆ ನೋಡಿ ಪುಸ್ತಕದಲ್ಲಿ ಬರೆಯುವ ಅಪ್ಪ ನನ್ನನ್ನು ನೋಡಿ ನಗುತ್ತಿದ್ದಾರೆ.

ಕೇಬಲ್‌ರಾಯ, ಹಾಸನ:
ಫಾಲ್ಸ್ ಹಾಕಬೇಡಿ ಸಾರ್. ಎನ್‌ಕ್ರಿಪ್ಶನ್ ಇರುತ್ತದೆ, ನಿಜ. ಆದರೆ ಯಾರ ಜೊತೆ? ಕಾಫಿ ಚೀಲ ಹೊಲಿದು ಸೀಲು ಹಾಕಿ, ಲಾರಿ ಯಾರದ್ದು ಅಂತ ಕೇಳದೆ ಹತ್ತಿಸಿದ ಹಾಗೆ ಅದು. ಮಧ್ಯೆ ಕೂತವನು ತನ್ನದೇ ಸರ್ಟಿಫಿಕೇಟ್ ತೋರಿಸಿದರೂ ನಿಮ್ಮ ಪೈ ತಲೆಯಾಡಿಸುತ್ತದೆ. ಮಳೆ ಲೆಕ್ಕ ಹೋಗಲಿ ಬಿಡಿ, ಅದರ ಜೊತೆ ಸರ್ವರಿನ ಪಾಸ್‌ವರ್ಡೂ ಹೋಗುತ್ತೆ ಅಲ್ವಾ?

ಪೈ ನೋಡುವುದು ಇಷ್ಟು. ಸಹಿ ಹಾಕಿದವರ ಸರಪಳಿ ಹಿಡಿದು ಹೋದರೆ ತನ್ನ ಬಳಿಯ ರೂಟ್ ಪಟ್ಟಿಯಲ್ಲಿ (ತಾನು ನಂಬುವ ಮೂಲ ಸಹಿದಾರರ ಪಟ್ಟಿ) ಇರುವವರು ಯಾರಾದರೂ ಸಿಗುತ್ತಾರಾ? ನಾನು ಕರೆದ ಹೆಸರು ಸರ್ಟಿಫಿಕೇಟಿನಲ್ಲಿ ಇದೆಯಾ? ಇವತ್ತಿನ ತಾರೀಖು ಅದರ ಅವಧಿಯೊಳಗೆ ಬರುತ್ತದಾ? ಅದಕ್ಕೆ ಹೊಂದುವ ಪ್ರೈವೇಟ್ ಕೀ (ಗುಟ್ಟಿನ ಕೀಲಿ) ನಿಜಕ್ಕೂ ಎದುರಿನವರ ಕೈಯಲ್ಲಿದೆಯಾ? ಐಪಿ ಹಾಕಿದಾಗ ಬಂದದ್ದು ಹೆಸರಿನ ತಕರಾರು. ನಿಮ್ಮ ಸರ್ಟಿಫಿಕೇಟಿನಲ್ಲಿ ಇರುವುದು ಹೆಸರು, ಐಪಿ ಅಲ್ಲ. ಅದನ್ನು ಮರೆತುಬಿಡಿ.

"ಫೇಲ್ಡ್" ಆದಮೇಲೆ ಒಂದು ಕೋಲನ್ ಇರುತ್ತದೆ ನೋಡಿ, ಅಸಲು ವಿಷಯ ಅದರ ಆಚೆ ಇರುತ್ತದೆ. ಅದನ್ನು ಪೂರ್ತಿ ಹಾಕಿ. ಪೈನಲ್ಲಿ ಡೇಟ್ ಅಂತ ಹೊಡೆದರೆ ಏನು ಬರುತ್ತದೆ ಅದನ್ನೂ ಹೇಳಿ.

ತೋಟದವ, ಮೂಡಿಗೆರೆ:
ಕೋಲನ್ ಆಚೆ "ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್". ಡೇಟ್ ಹೊಡೆದರೆ ಜೂನ್ 19. ಇವತ್ತು 28!!

ಹೇಮಾವತಿ ದಂಡೆ, ಸಕಲೇಶಪುರ:
ಹಹ್ಹ, ನಮ್ಮನೆಯ ಪೈಗೂ ಇದೇ ಕಾಯಿಲೆ ಇತ್ತು. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕಾರ್ಡಿನಲ್ಲಿ ಗಂಟೆಗೊಮ್ಮೆ ಸಮಯ ಬರೆದಿಟ್ಟುಕೊಂಡು, ಕರೆಂಟ್ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ನೆಟ್ ಸಿಕ್ಕಾಗ ಎನ್‌ಟಿಪಿ (ನೆಟ್‌ನಿಂದ ಸರಿಯಾದ ಸಮಯ ತರುವ ವ್ಯವಸ್ಥೆ) ಮೂಲಕ ಕೇಳಿ ಸರಿ ಮಾಡಿಕೊಳ್ಳಬೇಕಿತ್ತು. ನೀವು ಅದನ್ನು ನಿಲ್ಲಿಸಿದ್ದೀರಾ? ಹಾಗಿದ್ದರೆ ಕರೆಂಟ್ ಹೋದ ಹೊತ್ತೆಲ್ಲ ಸೇರಿ ಒಂಬತ್ತು ದಿನ ಆಗಿದೆ. ಮಲೆನಾಡಿನ ಜೂನ್‌ಗೆ ಅದೇನು ದೊಡ್ಡ ಲೆಕ್ಕ ಅಲ್ಲ.

ಏಪ್ರಿಲ್ ಗುಟ್ಟೂ ಇದೇ. ಸರ್ಟಿಫಿಕೇಟ್ ಅವಧಿ 90 ದಿನ, ಅದನ್ನು ನವೀಕರಿಸುವ ಸರ್ಟ್‌ಬಾಟ್ ಪ್ರೋಗ್ರಾಂ 30 ದಿನ ಬಾಕಿ ಇರುವಾಗಲೇ ಹೊಸದು ತರುತ್ತದೆ. ಅಂದರೆ 60 ದಿನಕ್ಕೊಮ್ಮೆ. ಹೊಸದರ ಅವಧಿ ಶುರುವಾಗುವ ತಾರೀಖು ಹಿಂದುಳಿದ ಪೈಗೆ ಇನ್ನೂ ಬಂದಿರುವುದಿಲ್ಲ, ಅದಕ್ಕೇ ಒಪ್ಪುವುದಿಲ್ಲ. ಆಗ ಪೈ ಎರಡು ದಿನ ಹಿಂದಿತ್ತು, ಎರಡು ದಿನಕ್ಕೆ ಸರಿಹೋಯಿತು. ಈಗ ಸುಮ್ನೆ ಕೂತರೂ ಇನ್ನೈದು ದಿನಕ್ಕೆ ಸರಿಯಾಗುತ್ತದೆ. ಆಗಸ್ಟ್ ಕೊನೆಗೆ ಮತ್ತೆ ಕೈ ಕೊಡುತ್ತದೆ, ಆ ಮಳೆಯಲ್ಲಿ ಇನ್ನೂ ಜಾಸ್ತಿ ದಿನ. ಎನ್‌ಟಿಪಿ ಶುರು ಮಾಡಿ. ಡಿಎಸ್3231 ಗಡಿಯಾರದ ಮಾಡ್ಯೂಲ್ ಒಂದು ತಂದು ಸಿಕ್ಕಿಸಿ, ನಾಣ್ಯದಂಥ ಸೆಲ್ ಹಾಕಿದರೆ ಕರೆಂಟ್ ಇಲ್ಲದಾಗಲೂ ಓಡುತ್ತದೆ.

ತೋಟದವ, ಮೂಡಿಗೆರೆ:
ಸಿಮ್ ಡೇಟಾ ಉಳಿಸೋಣ ಅಂತ ಎನ್‌ಟಿಪಿ ನಿಲ್ಲಿಸಿದವನು ನಾನೇ. ಅದು ಕೇಳುವ ಒಂದು ಪ್ರಶ್ನೆ 48 ಬೈಟ್ ಅಂತ ಈಗ ಓದಿ ನಾಚಿಕೆಯಾಯಿತು. ಶುರು ಮಾಡಿದ ಕೂಡಲೇ ತಾರೀಖು ಸರಿಯಾಯಿತು, ವೆರಿಫೈ ಮುಟ್ಟದೆಯೇ ಲೆಕ್ಕ ಹೋಯಿತು.

ಇನ್ನೊಂದು ಕೆಲಸ ಉಳಿದಿದೆ. ಪೈನಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ದಿನದ ಮಳೆಗೆಲ್ಲ ತಪ್ಪು ತಾರೀಖು ಬಿದ್ದಿದೆ. ಅಪ್ಪನ ಪುಸ್ತಕದಲ್ಲಿ 26ಕ್ಕೆ 4 ಇಂಚು 20 ಸೆಂಟ್ (ಇಂಚಿನ ನೂರನೇ ಭಾಗ ಒಂದು ಸೆಂಟ್) ಇದೆ, ಪೈ ಅದನ್ನು 17ಕ್ಕೆ ಹಾಕಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ದಿನ ಓದಿ ಹೇಳುತ್ತಿದ್ದಾರೆ, ನಾನು ತಿದ್ದುತ್ತಿದ್ದೇನೆ.