ಕಬ್ಬು ಕಡಿಯೂ ಕೊಯ್ತಾ ಚಕ್ಕಿ ಏಳಾಕತ್ತಾವ, ಹದದಾಗ ಎಲ್ಲಿ ತಪ್ಪೇತಿ?

ಗೋಕಾಕ ಕುಲುಮಿ:
ಮನೆತನದ ಕಂಬಾರಿಕಿ ನಮ್ದು. ಲಾರಿ ಕಮಾನಪಾಟಾ (ಸ್ಪ್ರಿಂಗ್ ಪಟ್ಟಿ) ಕಡದು ಕೊಯ್ತಾ, ಕುಡಗೋಲ, ಈಳಿಗಿ ಮಾಡ್ತೀವಿ. ಈ ವರ್ಷ ತಿದಿ ತಗದು ಬ್ಲೋವರ್ ಹಚ್ಚೀವಿ, ಮಧ್ಯಾಹ್ನನೂ ಹದ ಹಾಕತೀವಿ, ಅಂದ್ರ ಗಡಸ ಆಗಾಕ ಕೆಂಪಗ ಕಾಸಿ ನೀರಿನ್ಯಾಗ ಅದ್ದತೀವಿ. ಡಜನ್ನಿಗೆ ಎರಡ್ಮೂರು ಕಬ್ಬಿನ ಗಣಿಕಿಗೆ ಬಡದ ಕೂಡ್ಲೆ ಚಕ್ಕಿ ಏಳತಾವ್ರಿ.

ಉದ್ಯಮಬಾಗ:
ಒಡದ ಜಾಗ ನೋಡ್ರಿ. ಸಕ್ಕರಿ ಹರಳಿನಂಗ ಮಿಂಚಿದ್ರ ಕಾವು ಮಿತಿ ಮೀರೇತಿ. ಬೂದಿಬಣ್ಣ, ನುಣ್ಣಗಿನ ಕಣ ಇದ್ರ ಕಾವು ಸರಿ ಐತಿ, ಹದ ಇಳಿಸೂದು, ಅಂದ್ರ ಅದ್ದಿದ ಮ್ಯಾಲ ಮತ್ತ ಸಣ್ಣಗ ಕಾಸಿ ಬಿರುಸು ತಗಿಯೂದು, ಕಡಿಮಿ ಬಿದ್ದೈತಿ. ಬಿಸಲಿನ ಬೆಳಕಿನ್ಯಾಗ ಕೆಂಪು ಮಂಕಾಗಿ ಕಾಣತೈತಿ, ಅದಕ್ಕ ಬ್ಲೋವರ್ ಇನ್ನಷ್ಟ ಬಿಡತೀವಿ. ಹದದ ಕುಲುಮಿ ಕತ್ತಲ ಮೂಲಿಗೆ ಸರಸ್ರಿ. ಅಯಸ್ಕಾಂತ ಮುಟ್ಟಸ್ರಿ: ಸುಮಾರ 770 ಡಿಗ್ರಿಗೆ ಉಕ್ಕು ಅದಕ್ಕ ಅಂಟೂದಿಲ್ಲ. ಅಲ್ಲಿಂದ ಸ್ವಲ್ಪ ಮ್ಯಾಲ, 850ರ ಆಸುಪಾಸು, ಸಾಕು.

ಜಮಖಂಡಿ:
ನೀರು ಮೊದಲ ಬಿಡ್ರಿ. ಕಮಾನಪಾಟಾದಾಗ ಕಾರ್ಬನ್ ಸುಮಾರ 0.5ರಿಂದ 0.6 ಪ್ರತಿಶತ ಇರತೈತಿ, ಅದು ಎಣ್ಣಿ ಉಕ್ಕು, ಎಣ್ಣಿನ್ಯಾಗ ಅದ್ದಿ ಹದ ಹಾಕೂವಂಥಾದ್ದು. ನೀರಿಗೆ ಕೂದಲೆಳಿ ಬಿರುಕು ಬಿಡತೈತಿ. ಎಣ್ಣಿ 50-60 ಡಿಗ್ರಿ ಕಾಸಿ, ಕೊಯ್ತಾ ನೆಟ್ಟಗ ಇಳಸ್ರಿ, ಅಡ್ಡ ಅಲ್ಲಾಡಿಸಿದ್ರ ಸೊಟ್ಟ ಆಗತೈತಿ. ಐದ ಲೀಟರ್ ಡಬ್ಬಿನ್ಯಾಗ ಸಾಲಾಗಿ ಅದ್ದಿದ್ರ ಎಣ್ಣಿನ ಕಾದು ಕಡೀವು ಮೆತ್ತಗ ಉಳೀತಾವ. ಬೆಂಕಿ ಹತ್ತಿದ್ರ ಮುಚ್ಚಾಕ ತಗಡಿನ ಮುಚ್ಚಳ ಹತ್ರ ಇರ್ಲಿ.
ಹದ ಇಳಿಸೂದು ಅವತ್ತ ಆಗಬೇಕು, ಮರುದಿನಕ್ಕ ಇಡಬ್ಯಾಡ್ರಿ. ಒಂದ ಮಗ್ಗಲ ತಿಕ್ಕಿ ಹೊಳಪ ಮಾಡಿ, ಬೆನ್ನಿನ ಕಡಿಂದ ಕಾಸ್ರಿ, ಕಾವು ಏರಿದಂಗ ಹೊಳಪಿನ ಮ್ಯಾಲ ಬಣ್ಣ ಬದಲಾಗತೈತಿ. ಈಳಿಗಿ ಬಾಯಿಗೆ ಹುಲ್ಲಿನ ಹಳದಿ ಬಂದ್ರ ನಿಲ್ಲಸ್ರಿ. ಕೊಯ್ತಾ ಬಡಿಯೂ ಸಾಮಾನು, ಬಾಯಿ ಬದನಿಕಾಯಿ ಬಣ್ಣಕ್ಕ ಬರಬೇಕು, ಅಂದ್ರ 280ರ ಸುಮಾರು.

ಗೋಕಾಕ ಕುಲುಮಿ:
ಹರಳ ಹರಳ ಮಿಂಚತೈತ್ರಿ. ಮಾರದ ಉಳದವ್ನ ಏನ ಮಾಡೂದು?

ಉದ್ಯಮಬಾಗ:
ಸೀಮಿಎಣ್ಣಿ ಹಚ್ಚಿ, ಒರೆಸಿ, ಖಡುಪುಡಿ (ಸೀಮೆಸುಣ್ಣದ ಪುಡಿ) ಉದುರಸ್ರಿ. ಬಿರುಕ ಇದ್ರ ಒದ್ದಿ ಗೆರಿ ಮೂಡತೈತಿ, ಅದನ್ನ ಗುಜರಿಗೆ ಹಾಕ್ರಿ, ಗಿರಾಕಿ ಕೈಗೆ ಕೊಡಬ್ಯಾಡ್ರಿ. ಉಳದವ್ನ ಮೂರ ಸಲ ಕಾಸಿ ಗಾಳಿ ಇಲ್ಲದಲ್ಲೆ ಆರಸ್ರಿ, ಪ್ರತಿ ಸಲ ಕಾವು ಒಂದ ಚೂರು ಕಡಿಮಿ. ಕಣ ಸಣ್ಣ ಆದ ಮ್ಯಾಲ ಮತ್ತ ಎಣ್ಣಿ ಹದ. ಪಾಟಾ ನಡುವಿನ ಬೋಲ್ಟ್ ತೂತಿನ ಸುತ್ತ ಇದ್ದ ತುಂಡು ಬಾಯಿಗೆ ಬರಧಂಗ ಕಡೀರಿ, ದಣಿದ ಬಿರುಕು ಅಲ್ಲೇ ಇರತಾವ.

ಜಮಖಂಡಿ:
ಸಾಣಿ ಹಿಡಿಯೂವಾಗ ಬಾಯಿ ನೀಲಿಗಟ್ಟಿದ್ರ ಅಷ್ಟ ಜಾಗದ ಹದ ಹೋತು. ಒಂದೊಂದ ಎಳಿತಕ್ಕ ನೀರಿಗೆ ಅದ್ದಿ ಹಿಡೀರಿ.