ಓದುಗರ ಸ್ಪಂದನ: ‘ಬಿದ್ದಿದ್ದು 3 ವರ್ಷಕ್ಕೆ, ಸಿಟ್ಟು ಬಂದಿದ್ದು 13ಕ್ಕೆ’

ಅಕ್ಕ, ಮಗ 3 ವರ್ಷಕ್ಕೆ ಬಿದ್ದು ತಲೆಗೆ ಏಟು ಮಾಡ್ಕೊಂಡಿದ್ದ, ಈಗ 13ಕ್ಕೆ ಸಿಟ್ಟು ಶುರುವಾಗಿದೆ, ‘ಇಷ್ಟು ವರ್ಷ ಸರಿಯಾಗೇ ಇದ್ದ’ ಅಂತ ಪತ್ರ ಬರ್ದಿದ್ದೀರಲ್ಲ, ನಾವೂ ಹಂಗೇ ಅಂದ್ಕೊಂಡಿದ್ವಿ. ನನ್ನ ತಮ್ಮ ಎರಡು ವರ್ಷದವನಿದ್ದಾಗ ಕಾಫಿ ಒಣಗಿಸೋ ಕಣದ ಕಟ್ಟೆಯಿಂದ ತಲೆಕೆಳಗಾಗಿ ಬಿದ್ದಿದ್ದ, ಆಸ್ಪತ್ರೇಲಿ ನಾಲ್ಕು ದಿನ ಇಟ್ಕೊಂಡು ಕಳಿಸಿದ್ರು, ಗಾಯ ಮಾಯ್ತು, ನಾವೂ ಮರ್ತ್ವಿ. ಐದನೇ ಕ್ಲಾಸಿಗೆ ಬಂದ್ಮೇಲೆ ಶುರುವಾಯ್ತು ನೋಡಿ. ದನಕ್ಕೆ ಹುಲ್ಲು ಹಾಕು, ಮೋಟರ್ ಆಫ್ ಮಾಡು, ಬರೋವಾಗ ಕತ್ತಿ ತಾ ಅಂದ್ರೆ ಬರೀ ಕತ್ತಿ ಹಿಡ್ಕೊಂಡು ಬಂದು ನಿಲ್ತಿದ್ದ, ಅಪ್ಪ ಬೆತ್ತ ತಗೋತಿದ್ರು, ಇವ್ನು ಕೈಗೆ ಸಿಕ್ಕಿದ್ದು ಎಸೀತಿದ್ದ. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ಗೊತ್ತಾಗಿದ್ದು, ಸಿಟ್ಟು ತಡ್ಕೊಳೋದು, ಹೇಳಿದ್ದನ್ನ ತಲೇಲಿ ಇಟ್ಕೊಂಡು ಒಂದೊಂದಾಗಿ ಮಾಡೋದು, ಇದೆಲ್ಲ ಹಣೆ ಹಿಂದಿರೋ ಮೆದುಳಿನ ಭಾಗದ ಕೆಲಸ, ಅದು ಪೂರ್ತಿ ಬಲಿಯೋಕೆ 25 ವರ್ಷದ ಹತ್ರ ಬೇಕು, ಎರಡು ವರ್ಷದ ಮಗು ಹತ್ರ ಆ ಕೆಲಸ ಯಾರು ಕೇಳ್ತಾರೆ? ಅದಕ್ಕೇ ಏಟು ಆವಾಗ ಕಾಣ್ಲಿಲ್ಲ. ಈಗ ಅಮ್ಮ ಒಂದ್ಸಲಕ್ಕೆ ಒಂದೇ ಕೆಲಸ ಹೇಳ್ತಾರೆ. ಹುತ್ತರಿ ದಿನ ಕದಿರು ಕುಯ್ಯೋವಾಗ ಕೋವಿ ಹೊಡೀತಾರಲ್ಲ, ಆ ಸದ್ದು, ಆ ಜನ ಅವ್ನಿಗೆ ಆಗಲ್ಲ, ಮೊದ್ಲೇ ಹೇಳಿ ಹಿಂದಿನ ಕೋಣೆಗೆ ಕಳಿಸ್ತೀವಿ. ಸಿಟ್ಟು ಹೋಗಿಲ್ಲ, ಕಮ್ಮಿ ಆಗಿದೆ.
— ನಾಪೋಕ್ಲು

ನಾನು ರಿಟೈರ್ಡ್ ಟೀಚರ್. ಇಂಥದ್ದೇ ಒಬ್ಬ ಹುಡುಗನಿಗೆ ‘ಸೊಕ್ಕು’ ಅಂತ ಹೊಡ್ದಿದ್ದೀನಿ, ಅವನ ತಲೆಗೆ ಏಟಾಗಿದ್ದು ಯಾರೂ ಹೇಳಿರ್ಲಿಲ್ಲ ನಂಗೆ, ಕೇಳೋ ಬುದ್ಧಿ ನನಗೂ ಬರ್ಲಿಲ್ಲ. ಅದಕ್ಕೇ ಹೇಳೋದಮ್ಮಾ, ಹೆಡ್‌ಮಾಸ್ಟ್ರಿಗೆ ಲೆಟರ್ ಬರ್ದು ಡಾಕ್ಟ್ರ ಚೀಟಿ ಜೊತೆ ಕೊಡಿ. ಮಧ್ಯಾಹ್ನದ ಹೊತ್ತಿಗೆ ಈ ಮಕ್ಕಳ ತಲೆ ದಣಿದಿರುತ್ತೆ, ಜಗಳ ಜಾಸ್ತಿ ಆಗೋದೂ ಆವಾಗ್ಲೇ, ಹತ್ತು ನಿಮಿಷ ಸುಮ್ನೆ ಕೂರೋಕೆ ಬಿಡ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ 21 ಬಗೆ ವೈಕಲ್ಯ ಇದೆ, ಮಗ ಅದ್ರಲ್ಲಿ ಬರ್ತಾನಾ ಅಂತ ಡಾಕ್ಟ್ರನ್ನೇ ಕೇಳಿ, ಸರ್ಟಿಫಿಕೇಟ್ ಸಿಕ್ಕಿದ್ರೆ ಎಸ್‌ಎಸ್‌ಎಲ್‌ಸಿ ಪರೀಕ್ಷೇಲಿ ಹೆಚ್ಚು ಟೈಮ್ ಕೇಳ್ಬಹುದು. ಹಾಗಂತ ಅವ್ನು ಮಾಡೋ ಕೀಟಲೆಗೆಲ್ಲ ಆ ಏಟೇ ಕಾರಣ ಅನ್ಬೇಡಿ ಮತ್ತೆ, 13 ವರ್ಷ ಅಂದ್ರೆ 13 ವರ್ಷಾನೇ.
— ವಿರಾಜಪೇಟೆ

ಸ್ಕ್ಯಾನ್ ನಾರ್ಮಲ್ ಬಂತು, ಏನೂ ಇಲ್ಲ ಅಂದ್ರು ಅಂತ ಸುಮ್ನಾಗ್ಬೇಡಿ, ಸ್ಕ್ಯಾನ್‌ನಲ್ಲಿ ಎಲ್ಲಾ ಏಟೂ ಕಾಣಲ್ಲ. ನೆನಪು, ಗಮನ ಇದೆಲ್ಲ ನೋಡೋ ಟೆಸ್ಟೇ ಬೇರೆ, ಸೈಕಾಲಜಿಸ್ಟ್ ಹತ್ರ ಕೂತು ಮಾಡೋದು, ಅದನ್ನ ಕೇಳಿ ಮಾಡಿಸಿ. ಹೋಗೋವಾಗ ಆವಾಗಿನ ಡಿಸ್ಚಾರ್ಜ್ ಚೀಟಿ ಹುಡುಕಿ ತಗೊಂಡ್ಹೋಗಿ, ನಮ್ದು ಹಳೇ ರೇಷನ್ ಕಾರ್ಡ್ ಕವರ್‌ನಲ್ಲಿ ಸಿಕ್ತು.
— ಕುಶಾಲನಗರ